ಸೌಟು ಹಾಕಬೇಡಿ

ದುಬೈನ ಅಲ್ ಬರ್ಷಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವಳು ಸ್ಪ್ಯಾನಿಷ್ ರೆಸ್ಟೋರೆಂಟಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ರಜೆಯ ದಿನ ಪಯೆಯಾ ಮಾಡಿ ನಮ್ಮನ್ನು ಕರೆಯುತ್ತಿದ್ದಳು. ಸಿಗಡಿ, ಕೇಸರಿ ಹಾಕಿದ ಆ ಅನ್ನ ಅಡಿ ಹಿಡಿದು ಗರಿಗರಿಯಾಗಬೇಕು, ರುಚಿಯೆಲ್ಲ ಅಲ್ಲೇ. ಯಾರಾದರೂ ಒಲೆಯ ಹತ್ತಿರ ಸುಳಿದರೆ ಸಾಕು, ಸೊಂಟಕ್ಕೆ ಕೈಯಿಟ್ಟು, "ಸೌಟು ಹಾಕ್ಬೇಡಿ!" ಎಂದು ಕಿರುಚುತ್ತಿದ್ದಳು.

ಬಡ್ತಿ ಕೊಡುವ ಮೊದಲು ಅವಳ ಕೈರುಚಿ ನೋಡಲು ಸ್ಪೇನಿನ ಹೆಡ್ ಶೆಫ್ ಮನೆಗೇ ಬಂದ. ಅವನನ್ನು ಕರೆತರಲು ಅವಳು ಕೆಳಗಿಳಿದಾಗ, ಊರಿನಿಂದ ಬಂದಿದ್ದ ಅವಳ ಅತ್ತೆ ಮೂಗರಳಿಸಿ ಎದ್ದು, ಸೌಟಿನಿಂದ ತಳದವರೆಗೆ ಕೆದಕಿದರು. ಅಂದೂ ಊಟಕ್ಕೆ ಬಂದಿದ್ದ ನಾವು, ಹಿರಿಯರೆಂದು ಕೂತಲ್ಲೇ ನೋಡುತ್ತಿದ್ದೆವು.

"ಅಡಿ ಹಿಡೀತಿತ್ತು ಮಗಾ, ನಾನು ಉಳಿಸಿದೆ," ಎಂದರು ಅತ್ತೆ, ಅವಳು ಶೆಫ್ ಜೊತೆ ಒಳಗೆ ಬಂದೊಡನೆ.

ಅವಳ ಮುಖ ಕೆಂಪಾಯಿತು. ಅತ್ತೆಯ ಕೈಯಿಂದ ಸೌಟನ್ನು ಮೆಲ್ಲಗೆ ತೆಗೆದುಕೊಂಡು, ನಮ್ಮತ್ತ ತಿರುಗಿ ಗುಡುಗಿದಳು: "ನೀವೆಲ್ಲ ಕೂತ್ಕೊಂಡು ಏನು ನೋಡ್ತಾ ಇದ್ರಿ ಮಾರಾಯ್ರೆ?"