ಟಾರಗೋನಾದಲ್ಲಿ ಇಬ್ಬರ ಭಾನುವಾರ

ಜೋಡಿಗಳನ್ನು ಎರಡು ದಿನದ ಮಟ್ಟಿಗೆ ಕಡಲತೀರದ ಊರುಗಳಿಗೆ ಕಳಿಸುವುದು ನನ್ನ ಕಸುಬು. ವಲೆನ್ಸಿಯಾದ ರುಸಾಫಾ ಬಡಾವಣೆಯಲ್ಲಿ ಅಂಗೈಯಗಲದ ಕಚೇರಿ, ಅದರೊಳಗೆ ನಾನು, ಚಿಮೊ ಫೆರಾಂಡಿಸ್. ಮಾರ್ಸೇ, ಜಿನೋವಾ, ಪಾಲ್ಮಾ, ಯಾವುದು ಬೇಕು ಹೇಳಿ. ಎರಡನೆಯ ದಿನ ಸಂಜೆ ನಾಲ್ಕರಿಂದ ಐದರವರೆಗಿನ ಹೊತ್ತನ್ನು ಮಾತ್ರ ಖಾಲಿ ಬಿಡುತ್ತೇನೆ. ಗಂಡ ಹೆಂಡತಿ ಜಗಳಕ್ಕೆ ಬೀಳುವುದು ಆ ಹೊತ್ತಿಗೇ. ಇಷ್ಟೆಲ್ಲ ಬಲ್ಲ ಮಹಾನುಭಾವ ಸ್ವಂತ ಹೆಂಡತಿಯನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದ ಅಂತೀರಾ? ಅಮ್ಮನ ಮನೆಗೆ. ಪ್ರತಿ ಭಾನುವಾರ.

ಅಲ್ಲಿ ನಮ್ಮೂರಿನ ಹೆಮ್ಮೆಯ ಅನ್ನದಡುಗೆಯಾದ ಪಯೇಯಾ ಮಾಡುವವನು ನಾನು. ನಮ್ಮೂರಲ್ಲಿ ಮನೆಗೊಬ್ಬ ಇಂಥವನಿರುತ್ತಾನೆ: ವಾರವಿಡೀ ಮೊಟ್ಟೆ ಬೇಯಿಸಲೂ ಬಾರದವನು ಭಾನುವಾರ ಅಗಲ ಬಾಣಲೆಯ ಮುಂದೆ ಸೇನಾಪತಿ. ಕಿತ್ತಳೆ ಕಟ್ಟಿಗೆಯ ಉರಿ, ಮೊಲದ ಮಾಂಸ, ಹುರುಳಿಕಾಯಿ, ಕೊನೆಗೆ ಅಕ್ಕಿ. ಸುತ್ತ ನಿಂತ ಹನ್ನೊಂದು ಜನ ಹೊಗಳಬೇಕು. ಹೊಗಳಿಕೆ ಸಾಲದಿದ್ದರೆ ನಾನು ಮುಖ ಊದಿಸಿಕೊಂಡು ಕೂರುತ್ತೇನೆ.

ಮಾರ್ಚ್‌ನಲ್ಲಿ ಒಂದು ದಿನ ಹೆಂಡತಿ ಎಂಪಾರ್ ಕಚೇರಿಗೇ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತಳು.

"ಊರಿನ ಜೋಡಿಗಳಿಗೆಲ್ಲ ಟಿಕೆಟ್ ಹರೀತೀಯಲ್ಲ, ನಮಗೂ ಒಂದು ಹರಿ. ಭಾನುವಾರ ಸೇರಿಸಿ."

"ಭಾನುವಾರ ಅಮ್ಮನ ಮನೇಲಿ..."

"ಒಂದೇ ಒಂದು ಭಾನುವಾರ ನಾವಿಬ್ಬರೇ ಎದುರುಬದುರು ಕೂತು ಊಟ ಮಾಡೋಕಾಗುತ್ತಾ ನೋಡೋಣ. ಆಗಲಿಲ್ಲ ಅಂದ್ರೆ ನೂರಿಯಾ ಮನೆಗೆ ಹೋಗಿ ಇದ್ದುಬಿಡ್ತೀನಿ. ತಮಾಷೆ ಮಾಡ್ತಿಲ್ಲ."

ನೂರಿಯಾ ನಮ್ಮ ಮಗಳು. ಅವಳ ಮನೆಯಲ್ಲಿ ಒಂದು ಕೋಣೆ ಖಾಲಿ ಇರುವುದು ನನಗೆ ಗೊತ್ತಿತ್ತು.

ಕಡಲತೀರದ ಟಾರಗೋನಾ ಎಂದು ನಿಶ್ಚಯಿಸಿ ನೀಟಾಗಿ ಪ್ರಯಾಣದ ಪಟ್ಟಿ ಬರೆದೆ. ವಾಪಸ್ ರೈಲು ಭಾನುವಾರ ಬೆಳಿಗ್ಗೆ ಎಂಟಕ್ಕೆ; ಹನ್ನೆರಡರೊಳಗೆ ಬಾಣಲೆಯ ಮುಂದೆ ನಿಲ್ಲಬಹುದಲ್ಲ! ಎಂಪಾರ್ ಅದನ್ನು ಓದಿ, ನಾಲ್ಕಾಗಿ ಹರಿದು, ನನ್ನ ಕೈಗೇ ಕೊಟ್ಟಳು. ಸಂಜೆ ಆರರ ರೈಲಿಗೆ ಬದಲಾಯಿಸಿದೆ. ಅಮ್ಮ ಫೋನಿನಲ್ಲಿ, "ಹೋಗ್ಬಾರಪ್ಪ, ಅಕ್ಕಿ ನಿನ್ನ ಭಾವ ಹಾಕ್ತಾನೆ," ಎಂದು ಹಾಯಾಗಿ ಹೇಳಿಬಿಟ್ಟಳು. ಆ ನಿರಾಳವೇ ನನ್ನನ್ನು ಹೆಚ್ಚು ಚುಚ್ಚಿತು.

ಭಾನುವಾರ ಎರಡು ಗಂಟೆಗೆ ಬಂದರಿನ ಪಕ್ಕದ ಹೋಟೆಲಿನಲ್ಲಿ ಕೂತೆವು. ಸೌದೆ ಒಲೆ ಇರುವ ಜಾಗವನ್ನೇ ಹುಡುಕಿ ಹಿಡಿದಿದ್ದೆ. ಮೆನು ತೆರೆಯದೆಯೇ, "ಇಬ್ಬರಿಗೆ ಪಯೇಯಾ," ಎಂದೆ.

"ನನಗೆ ಬೇಡ. ಹುರಿದ ಬೂತಾಯಿ ಮೀನು ಕೊಡಿ," ಎಂದಳು ಎಂಪಾರ್.

ಮಾಣಿ ತಲೆ ಕೆರೆದುಕೊಂಡ. "ಮೇಡಂ, ಪಯೇಯಾ ಇಬ್ಬರಿಗಿಂತ ಕಮ್ಮಿ ಮಾಡೋದಿಲ್ಲ."

"ಹಾಗಾದ್ರೆ ಇಬ್ಬರದ್ದನ್ನೂ ಇವರೇ ತಿಂತಾರೆ."

"ಯಾಕೆ, ಹುಷಾರಿಲ್ವಾ?" ಎಂದು ಕೇಳಿದೆ.

"ಹುಷಾರಾಗೇ ಇದ್ದೀನಿ. ನನಗೆ ಅನ್ನ ಸೇರಲ್ಲ ಚಿಮೊ. ಚಿಕ್ಕಂದಿನಿಂದಲೂ."

ವಲೆನ್ಸಿಯಾದ ಹೆಣ್ಣಿನ ಬಾಯಲ್ಲಿ ಇಂಥ ಮಾತು! ಪಕ್ಕದ ಮೇಜಿನವರಿಗೆ ಕೇಳಿಸಿತೇನೋ ಎಂದು ಮೊದಲು ಆ ಕಡೆ ನೋಡಿದೆ. ನನ್ನ ಬುದ್ಧಿ ಅಷ್ಟೇ.

"ಮೂವತ್ತು ವರ್ಷ ತಿಂದ್ಯಲ್ಲೇ?"

"ಅಷ್ಟು ಜನರ ಮುಂದೆ ನೀನು ಸೌಟು ಹಿಡ್ಕೊಂಡು, ಹೇಗಿದೆ ಹೇಗಿದೆ ಅಂತ ನಿಂತಿರ್ತಿದ್ದೆ. ಯಾವ ಬಾಯಲ್ಲಿ ಹೇಳ್ಲಿ?"

ಸಿಟ್ಟು ಬಂತು. ಅದರ ಬೆನ್ನಿಗೇ ನಾಚಿಕೆ ಬಂತು, ಅದು ಹೋಗಲಿಲ್ಲ. ಒಂದೂವರೆ ಸಾವಿರ ಭಾನುವಾರಗಳಲ್ಲಿ ಅವಳ ತಟ್ಟೆ ತುಂಬಿಸಿದ್ದೆ, ಮುಖ ನೋಡಿರಲಿಲ್ಲ. ಮಾಣಿ ಇನ್ನೂ ಅಲ್ಲೇ ನಿಂತಿದ್ದ.

"ಪಯೇಯಾ ಬೇಡ," ಎಂದೆ. "ನನಗೂ ಬೂತಾಯಿ."

ಎಂಪಾರ್ ನಕ್ಕಳು. ನನಗೆ ಜೀವ ಬಂದಂತಾಯಿತು. "ಇನ್ನೇನೇನು ಸೇರಲ್ಲ, ಈಗಲೇ ಹೇಳಿಬಿಡು," ಎಂದೆ.

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ರೈಲು ಎಷ್ಟೊತ್ತಿಗೆ?"

"ಆರಕ್ಕೆ."

"ಸಾಲಲ್ಲ," ಎಂದಳು. "ನಾಳೆಗೆ ಬದಲಾಯಿಸು."