ಹಸಿರು ಕುಪ್ಪಸ, ಪಪ್ಪಾಯಿ ವ್ರತ

ಅಣ್ಣಿಗೇರಿಯಲ್ಲಿ ನಮ್ಮ ಬಾಜು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ, ನಾವೆಲ್ಲ 'ಹೊಲಿಗೆ ಕಾಕು' ಎಂದು ಕರೆಯುತ್ತಿದ್ದ ಚಿಕ್ಕಮ್ಮ ತನ್ನ ತಂಗಿಯ ಲಗ್ನಕ್ಕೆಂದು ತನ್ನ ಅಳತೆಗಿಂತ ಬಿಗಿಯಾಗಿ ಹಸಿರು ಕುಪ್ಪಸ ಹೊಲಿದುಕೊಂಡಿದ್ದಳು. ತೂಕ ಇಳಿಸಲು, ವಾರಪತ್ರಿಕೆಯೊಂದರಲ್ಲಿ ಓದಿದಂತೆ, ಎಂಟು ದಿನ ಬರೀ ಪಪ್ಪಾಯಿ ತಿನ್ನುವ ವ್ರತ ಹಿಡಿದಳು. ಯಾರು ಕೇಳಿದರೂ ನಡು ಹಿಡಿದು ಗಿರ್ರನೆ ತಿರುಗಿ, "ಅಗದಿ ಹಗುರ ಆಗೇನ್ರಿ" ಎನ್ನುತ್ತಿದ್ದಳು.

ಆರನೆಯ ದಿನ ಹಾಗೆ ತಿರುಗಿದವಳು ತಲೆಸುತ್ತಿ ನಮ್ಮ ಕಟ್ಟೆಯ ಮೇಲೆ ಕುಸಿದಳು. ಅವ್ವ ಓಡಿಬಂದು ನೀರು ಕುಡಿಸಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟಳು.

"ಒಂದ ಸಾಕ್ರಿ ಅಕ್ಕಾರ" ಎಂದವಳು ಐದು ತಿಂದಳು. ಐದನೆಯದಕ್ಕೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಇನ್ನ ಆ ಕುಪ್ಪಸ?" ಎಂದಳು ಅವ್ವ.

"ಹೊಲಿಗಿ ಬಿಚ್ಚತೇನ್ರಿ. ಬಗಲಾಗ ಬ್ಯಾರೆ ಬಟ್ಟಿ ಸೇರಸ್ತೇನಿ."

ಲಗ್ನದಲ್ಲಿ ಆ ಕುಪ್ಪಸದ ಎರಡೂ ಬಗಲಿಗೆ ಕೆಂಪು ಪಟ್ಟಿಗಳು ಹೊಳೆಯುತ್ತಿದ್ದವು. ಮರುವಾರ ಓಣಿಯ ಹೆಂಗಸರೆಲ್ಲ ತಮಗೂ ಅಂಥದೇ ಬೇಕೆಂದು ಅವಳ ಬಾಗಿಲಲ್ಲಿ ನಿಂತಿದ್ದರು.