ಸಿದ್ಧಿ ಹಸಿದು ಹಾರಿದ ದಿನ

ಬನಹಟ್ಟಿಯಲ್ಲಿ ನಮ್ಮ ಮನೆಯ ಎದುರಿಗೇ ತಾತ್ಯಾಸಾಹೇಬರ ನೂಲಿನ ಅಂಗಡಿ, ಅದರ ಮೇಲೆ ಅವರ ಮನೆ. ಮಗಳು ಸಿದ್ಧಿ ಜಮಖಂಡಿಯ ಕಾಲೇಜಿನಲ್ಲಿ ನನ್ನ ಹತ್ತಿರ ಭೌತಶಾಸ್ತ್ರ ಕಲಿತವಳು. ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಅವಳು ಹೊರಟಾಗ ಓಣಿಯ ಜನ ಬಾಯಿಗೆ ಸೆರಗು ಹಚ್ಚಿ ನಕ್ಕರು. ನಾನು ನಗಲಿಲ್ಲ. ಸಕ್ಕರೆ ಕಾರ್ಖಾನೆಯ ಹೊಗೆ ನೋಡಿ ಗಾಳಿ ಯಾವ ದಿಕ್ಕಿಗಿದೆ, ಎಷ್ಟು ಜೋರಿದೆ ಎಂದು ಹೇಳುತ್ತಿದ್ದ ಹುಡುಗಿ ಅವಳು. ರಜೆಗೆ ಬಂದಾಗಲೆಲ್ಲ ಮಾಳಿಗೆಯ ಮೇಲೆ ಅಡ್ಡಾಡುತ್ತ, ರೇಡಿಯೋದಲ್ಲಿ ಆಡಬೇಕಾದ ಮಾತುಗಳನ್ನು ಮಗ್ಗದ ಸದ್ದಿಗಿಂತ ಎತ್ತರದ ದನಿಯಲ್ಲಿ ಬಾಯಿಪಾಠ ಮಾಡುತ್ತಿದ್ದಳು.

ಈ ಸಲ ಬಂದವಳು ಮಾಳಿಗೆ ಹತ್ತಲೇ ಇಲ್ಲ. ಕರೆದರೆ ಬರುತ್ತಾಳೆ, ಕೂರು ಎಂದರೆ ಕೂರುತ್ತಾಳೆ. ಪುಸ್ತಕಗಳನ್ನು ತುಂಬಿ ತಂದ ಚೀಲದ ಜಿಪ್ಪನ್ನೂ ತೆಗೆದಿರಲಿಲ್ಲ.

ಆದದ್ದು ಇಷ್ಟು. ತರಬೇತುದಾರ ಗೌರೀಶ ಅವರ ಜೊತೆ ಒಂದು ಸುತ್ತು ಹಾರಿ ಬಂದಮೇಲೆ, ಅದೇ ದಿನ ಅವಳೊಬ್ಬಳನ್ನೇ ಮೊದಲ ಬಾರಿಗೆ ಹಾರಲು ಬಿಡುವುದು ಎಂದು ನಿಶ್ಚಯವಾಗಿತ್ತು. ಇಳಿಯಲು ತಿರುಗುವಾಗ ಸಿದ್ಧಿಗೆ ಕಣ್ಣು ಕತ್ತಲೆಗಟ್ಟಿ ತಲೆ ವಾಲಿತು. ಪಕ್ಕದಲ್ಲಿದ್ದ ಗೌರೀಶ ಅವರೇ ವಿಮಾನ ಇಳಿಸಿದರು. ಆಮೇಲೆ ವೈದ್ಯರ ತಪಾಸಣೆ ಶುರುವಾಯಿತು. ಹೃದಯ ನೋಡಿದರು, ತಲೆ ನೋಡಿದರು, ಏನೂ ಸಿಗಲಿಲ್ಲ. ಏನೂ ಸಿಗದಿದ್ದದ್ದೇ ತೊಂದರೆಯಾಯಿತು. ಕಾರಣವಿಲ್ಲದೆ ಎಚ್ಚರ ತಪ್ಪಿದವರು ಮತ್ತೆ ಯಾವಾಗ ತಪ್ಪುತ್ತಾರೋ ಯಾರು ಬಲ್ಲರು? ಕಾರಣ ತಿಳಿಯುವ ತನಕ ಹಾರುವಂತಿಲ್ಲ ಎಂದು ಮನೆಗೆ ಕಳಿಸಿದರು.

ಒಂದು ಸಂಜೆ ಅವಳು ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಅವತ್ತ ಮುಂಜಾನಿ ಏನ ತಿಂದಿದ್ದಿ?"

"ಏನೂ ಇಲ್ಲರಿ ಮೇಡಂ."

"ನೀರರ ಕುಡದಿದ್ದಿಲ್ಲೋ?"

"ಅದೂ ಇಲ್ಲರಿ. ಅನಂತ ಚತುರ್ದಶಿ ಇತ್ತಲ್ಲರಿ."

ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಅವಳ ಆಯಿ, ತಾತ್ಯಾಸಾಹೇಬರ ತಾಯಿ ಅಕ್ಕವ್ವ ಹಿಡಿದಿದ್ದ ಜೈನರ ಅನಂತನ ನೋಂಪಿಗೆ ಇದು ಹದಿನಾಲ್ಕನೆಯ ವರ್ಷ, ಕೊನೆಯದು. ನಡುವೆ ಒಮ್ಮೆ ಮುರಿದರೂ ಮತ್ತೆ ಒಂದರಿಂದ ಎಣಿಕೆ. ಈ ವರ್ಷದ ಉಪವಾಸ ಮುಗಿದರೆ ಬಸದಿಯಲ್ಲಿ ಉದ್ಯಾಪನೆ ಮಾಡಿ ವ್ರತ ಪೂರೈಸುವುದು. ಆದರೆ ಎಂಬತ್ತು ದಾಟಿದ ಮುದುಕಿಗೆ ಸಕ್ಕರೆ ಕಾಯಿಲೆ. ಉಪವಾಸ ಹಿಡಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರರು ಕಡ್ಡಿ ಮುರಿದಂತೆ ಹೇಳಿದ್ದರು. ಅಕ್ಕವ್ವ ಫೋನಿನಲ್ಲಿ ಅತ್ತಾಗ ಸಿದ್ಧಿ, "ಆಯಿ, ನೀ ಉಣ್ಣ. ಈ ವರ್ಷದ್ದು ನಾ ಹಿಡಿತೀನಿ. ನನಗ ಅವತ್ತ ರಜಾ ಐತಿ" ಅಂದಿದ್ದಳು. ರಜೆ ಇರಲಿಲ್ಲ. ಮನೆಯವರಿಗೆ ಅವಳು ಎಚ್ಚರ ತಪ್ಪಿದ್ದು ಗೊತ್ತು, ಉಪವಾಸದ್ದು ಗೊತ್ತಿಲ್ಲ. ಆಯಿಗೆ ಉಪವಾಸದ್ದು ಗೊತ್ತು, ಎಚ್ಚರ ತಪ್ಪಿದ್ದು ಗೊತ್ತಿಲ್ಲ.

"ಹಾರೂಕಿಂತ ಮೊದ್ಲ ಕೇಳೂದಿಲ್ಲೇನ ಅವರು?"

"ದಿನಾ ಕೇಳ್ತಾರ್ರಿ. ನಿದ್ದಿ ಆತೇನು, ಊಟ ಆತೇನು ಅಂತ. ಆತ್ರಿ ಅಂದೆ. ಎಚ್ಚರ ತಪ್ಪಿದ ಮ್ಯಾಲೂ ಕೇಳಿದ್ರು. ಆಗೂ ಹಂಗ ಅಂದೆ."

ನನಗೆ ಮೈಯೆಲ್ಲ ಉರಿಯಿತು. ಹಸಿದು ಹಾರಬಾರದೆಂಬುದು ಅವರ ಮೊದಲ ಪಾಠಗಳಲ್ಲೇ ಇದೆ. ಇವಳು ಅದರಲ್ಲಿ ಪರೀಕ್ಷೆಯನ್ನೂ ಪಾಸು ಮಾಡಿದವಳು. ಓದುವುದು ಶಾಸ್ತ್ರ, ಇಕ್ಕುವುದು ಗಾಳ.

"ಖರೆ ಹೇಳಿದ್ರ ನಾಳೇನ ಡಾಕ್ಟರ್ ಹಾರಾಕ ಬಿಡ್ತಾರಲ್ಲ ಹುಚ್ಚಿ!"

"ಹೇಳಿದ್ರ ಅಪ್ಪಾ ಆಯೀನ್ನ ಬೈತಾನ್ರಿ. ಇರ್ಲಿ ಬಿಡ್ರಿ. ಈಗ ನನಗ ಏನೂ ಅನ್ಸೂದಿಲ್ಲ. ಹಾರಬೇಕಂತನೂ ಅನ್ಸೂದಿಲ್ಲ."

ಅದನ್ನು ಕೇಳಿ ನನಗೆ ಭಯವಾಯಿತು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಕೈ ಹಿಡಿದು ಎಬ್ಬಿಸಿ, ಎದುರು ಮನೆಗೆ ಕರೆದುಕೊಂಡು ಹೋದೆ. ಹೊತ್ತು ಮುಳುಗುವ ಮುಂಚಿನ ಊಟ ಮುಗಿಸಿ ಅಕ್ಕವ್ವ ಒಬ್ಬರೇ ಕೂತಿದ್ದರು. ಸಿದ್ಧಿ ನಿಂತಲ್ಲೇ ಎಲ್ಲ ಹೇಳಿದಳು. ಅದೇ ಏರಿಳಿತವಿಲ್ಲದ ದನಿ.

ಮುದುಕಿ ಎದೆ ಬಡಿದುಕೊಳ್ಳಬಹುದು ಎಂದುಕೊಂಡಿದ್ದೆ. ಅಕ್ಕವ್ವ ಮೊಮ್ಮಗಳ ಮುಖ ನೋಡಿದರು.

"ಊಟ ಆತು ಅಂದಿ?"

"ಹೂಂ ಆಯಿ."

"ಹಸದ ಹೊಟ್ಟೀಲೆ ನಿಂತು ಊಟ ಆತು ಅಂದಿ. ಸತ್ಯನೂ ಧರ್ಮದಾಗ ಬರ್ತದವ್ವಾ. ನೋಂಪಿ ಅಲ್ಲೇ ಮುರೀತು."

ಸಿದ್ಧಿಯ ಮುಖದಲ್ಲಿ ಆಗ ಏನೋ ಅಲ್ಲಾಡಿತು. ಆಯಿಯನ್ನು ಉಳಿಸಲು ಮಾಡಿದ್ದರಲ್ಲಿ ಆಯಿಯ ಹದಿನಾಲ್ಕು ವರ್ಷವೂ ಹೋಗಿದೆ ಎಂಬುದು ಅವಳ ತಲೆಗೇ ಬಂದಿರಲಿಲ್ಲ. ನನ್ನ ತಲೆಗೂ ಬಂದಿರಲಿಲ್ಲ, ಸುಳ್ಳೇಕೆ ಹೇಳಲಿ.

"ನಿನ್ನ ಗುರುಗೋಳಿಗೆ ಫೋನ ಹಚ್ಚ. ನಿಮ್ಮಪ್ಪ ನನಗ ಬೈದ್ರ ಬೈಲಿ, ಅಂವ ನಾ ಹಡದಾಂವ."

ಸಿದ್ಧಿ ಫೋನು ಹಚ್ಚಿದಳು. ಆಯಿಗೆ ಕೇಳಲೆಂದು ಸ್ಪೀಕರ್ ಹಾಕಿದಳು.

"ಸರ್, ಅವತ್ತ ನಾ ಉಂಡಿರಲಿಲ್ಲರಿ. ಉಪವಾಸ ಇದ್ದೆ. ಎರಡೂ ಸಲ ಸುಳ್ಳ ಹೇಳಿದೆ."

ಗೌರೀಶ ಅವರು, "ಡಾಕ್ಟರಿಗೆ ಹೇಳ್ತೀನಿ. ಅವರಿಗೆ ಒಂದು ಕಾರಣ ಬೇಕಾಗಿತ್ತು, ಸಿಕ್ಕಿತು. ಮುಂದಿನದು ಅವರು ನೋಡ್ತಾರೆ" ಎಂದರು. "ಆದರೆ ನನ್ನದು ಬೇರೆ ಇದೆ. ನಾಳೆ ನೀನು ಇಂಧನ ನೋಡಿದೆ ಅಂದರೆ ನಾನು ಹೇಗೆ ನಂಬಲಿ?"

"ನಂಬಬ್ಯಾಡ್ರಿ ಸರ್. ನೀವೂ ಒಮ್ಮೆ ನೋಡ್ರಿ."

"ಡಾಕ್ಟರ್ ಬಿಟ್ಟರೆ ಬಾ. ಒಬ್ಬಳನ್ನೇ ಬಿಡೋ ಮಾತು ಸದ್ಯಕ್ಕಿಲ್ಲ. ಮೊದಲ ಪಾಠದಿಂದ ಕೂರಬೇಕು."

ಸಿದ್ಧಿ ಹೂಂ ಎಂದು ಫೋನು ಇಟ್ಟಳು. ಮತ್ತೆ ಮೊದಲಿನ ಹಾಗೆಯೇ ಗೋಡೆ ನೋಡತೊಡಗಿದಳು. ಇಷ್ಟೆಲ್ಲ ಆದರೂ ಹುಡುಗಿ ಕಲ್ಲಾಗಿಯೇ ಉಳಿದಳಲ್ಲ ಎಂದು ನನಗೆ ಸಂಕಟವಾಯಿತು.

ಅಕ್ಕವ್ವ ಮೊಣಕಾಲು ನೀವಿಕೊಳ್ಳುತ್ತ ಅಂದರು: "ಹೋಗ್ಲಿ ಬಿಡ. ನಂದೂ ಬರೋ ವರ್ಷದಿಂದ ಒಂದನೇದು. ಉಪಾಸ ಆಗೂದಿಲ್ಲ ನನ್ನ ಕೈಲೆ, ಹೊಸಾದನ್ನ ಒಪ್ಪೊತ್ತು ಉಂಡು ಹಿಡಿತೀನಿ."

ಸಿದ್ಧಿ ತಿರುಗಿ ಆಯಿಯನ್ನು ನೋಡಿದಳು. ಎಂಬತ್ತಕ್ಕೆ ಹದಿನಾಲ್ಕು ಕೂಡಿಸಿದಳೆಂದು ಕಾಣುತ್ತದೆ. ಅಲ್ಲೇ ಕುಸಿದು, ಮುದುಕಿಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.